ಕಳಿತ ಹಣ್ಣು ಮತ್ತು ಕಾಕಂಬಿಯಿಂದ ಬ್ಯಾಕ್ಟೀರಿಯಾ ಸೆಲ್ಯುಲೋಸ್: ತಯಾರಿಸುವ ಕ್ರಮ

ಹತ್ತಿ ಬೆಳೆಯುವ ನಾಡಿನವರಿಗೆ ಸೆಲ್ಯುಲೋಸ್ ಹೊಸ ವಸ್ತುವೇನಲ್ಲ. ಗದಗ, ನವಲಗುಂದ, ಹುಬ್ಬಳ್ಳಿ ಭಾಗದ ಎರೆ ಭೂಮಿಯಲ್ಲಿ ಬೆಳೆಯುವ ಹತ್ತಿಯ ಎಳೆಯಲ್ಲಿ ನೂರಕ್ಕೆ ತೊಂಬತ್ತರಷ್ಟು ಅಥವಾ ಅದಕ್ಕೂ ಹೆಚ್ಚು ಇರುವುದು ಸೆಲ್ಯುಲೋಸೇ. ಹೊಲದಲ್ಲೇ ಸಿಗುವ ಈ ವಸ್ತುವನ್ನು ಬ್ಯಾಕ್ಟೀರಿಯಾದ ಕೈಯಿಂದ ಏಕೆ ಮಾಡಿಸಬೇಕು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದು. ರಾಸಾಯನಿಕವಾಗಿ ಎರಡೂ ಒಂದೇ. ವ್ಯತ್ಯಾಸವಿರುವುದು ಎಳೆಯ ಗಾತ್ರದಲ್ಲಿ ಮತ್ತು ಶುದ್ಧತೆಯಲ್ಲಿ. ಹತ್ತಿಯ ಎಳೆಯ ಅಗಲ ಹತ್ತಿಪ್ಪತ್ತು ಮೈಕ್ರಾನ್ ಇದ್ದರೆ, ಬ್ಯಾಕ್ಟೀರಿಯಾ ನೇಯುವ ಎಳೆಯ ಅಗಲ 20ರಿಂದ 100 ನ್ಯಾನೋಮೀಟರ್ ಮಾತ್ರ, ಅಂದರೆ ನೂರು ಪಟ್ಟಿಗೂ ಹೆಚ್ಚು ನವಿರು. ಗಿಡಗಳ ನಾರಿನಲ್ಲಿ ಸೆಲ್ಯುಲೋಸಿನ ಜೊತೆ ಬೆರೆತಿರುವ ಲಿಗ್ನಿನ್, ಹೆಮಿಸೆಲ್ಯುಲೋಸ್, ಪೆಕ್ಟಿನ್ ಯಾವುದೂ ಅದರಲ್ಲಿಲ್ಲ. ಹಸಿ ಹಾಳೆಯ ತೂಕದಲ್ಲಿ ನೂರಕ್ಕೆ 98–99 ಭಾಗ ನೀರೇ ಇರುತ್ತದೆ, ಆದರೂ ಅದು ಕೈಯಲ್ಲಿ ಹರಿಯದೆ ನಿಲ್ಲುತ್ತದೆ. ಈ ಗುಣಗಳಿಂದಾಗಿಯೇ ಸುಟ್ಟ ಗಾಯದ ಪಟ್ಟಿ, ಮುಖಕ್ಕೆ ಹಾಕುವ ಸೌಂದರ್ಯ ಹಾಳೆ, ಹೆಡ್‌ಫೋನಿನ ಕಂಪನ ಫಲಕ, ಫಿಲಿಪ್ಪೀನ್ಸಿನ ‘ನಾಟಾ ಡಿ ಕೊಕೊ’ ಎಂಬ ತಿನಿಸು ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಕಡೆಗಳಲ್ಲೆಲ್ಲ ಅದು ಬಳಕೆಗೆ ಬಂದಿದೆ.

ವಿನೆಗರ್ ತಯಾರಿಸುವ ಪಾತ್ರೆಯ ಮೇಲ್ಗಡೆ ಕಟ್ಟುವ ದಪ್ಪ ಪದರವು ಸೆಲ್ಯುಲೋಸ್ ಎಂದು ಬ್ರಿಟಿಷ್ ರಸಾಯನಶಾಸ್ತ್ರಜ್ಞ ಎ. ಜೆ. ಬ್ರೌನ್ 1886ರಲ್ಲಿ ತೋರಿಸಿಕೊಟ್ಟರು. ಅದನ್ನು ಕಟ್ಟುವ ಬ್ಯಾಕ್ಟೀರಿಯಾದ ಈಗಿನ ಹೆಸರು ಕೊಮಗಟೈಬ್ಯಾಕ್ಟರ್ ಕ್ಸೈಲಿನಸ್. ಹಳೆಯ ಪುಸ್ತಕಗಳಲ್ಲಿ ಅಸಿಟೋಬ್ಯಾಕ್ಟರ್ ಕ್ಸೈಲಿನಮ್, ಗ್ಲುಕೊನಸಿಟೋಬ್ಯಾಕ್ಟರ್ ಕ್ಸೈಲಿನಸ್ ಎಂಬ ಹೆಸರುಗಳಿದ್ದರೆ ಅವೂ ಇದನ್ನೇ ಸೂಚಿಸುತ್ತವೆ. ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಹೆಸ್ಟ್ರಿನ್ ಮತ್ತು ಶ್ರಾಮ್ 1954ರಲ್ಲಿ ಕೊಟ್ಟ ದ್ರಾವಣವೇ ಇಂದಿಗೂ ಅಳತೆಗೋಲು. ಒಂದು ಲೀಟರ್ ನೀರಿಗೆ ಗ್ಲೂಕೋಸ್ 20 ಗ್ರಾಂ, ಪೆಪ್ಟೋನ್ (ಒಡೆದ ಪ್ರೋಟೀನು) 5 ಗ್ರಾಂ, ಯೀಸ್ಟ್ ಸಾರ 5 ಗ್ರಾಂ, ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 2.7 ಗ್ರಾಂ ಮತ್ತು ಸಿಟ್ರಿಕ್ ಆಮ್ಲ 1.15 ಗ್ರಾಂ, ಇಷ್ಟೇ ಅದರ ಪಾಕ. ಕೆಲಸ ಚೆನ್ನಾಗಿಯೇ ನಡೆಯುತ್ತದೆ. ಆದರೆ ಪೆಪ್ಟೋನ್, ಯೀಸ್ಟ್ ಸಾರಗಳನ್ನು ಪ್ರಯೋಗಾಲಯದ ದರಕ್ಕೆ ಕೊಂಡು ಲೀಟರಿಗೆ ಎರಡು ಮೂರು ಗ್ರಾಂ ಒಣ ಸೆಲ್ಯುಲೋಸ್ ತೆಗೆದರೆ ಲೆಕ್ಕ ಎಂದೂ ಕೂಡುವುದಿಲ್ಲ. ಕೃಷಿ ತ್ಯಾಜ್ಯದ ಕಡೆಗೆ ನೋಡಬೇಕಾದದ್ದು ಈ ಕಾರಣಕ್ಕೆ.

ಆರಂಭದಲ್ಲೇ ಒಂದು ಮಾತನ್ನು ಒತ್ತಿ ಹೇಳಬೇಕು. ಕಚ್ಚಾವಸ್ತು ಪುಕ್ಕಟೆ ಸಿಕ್ಕ ಮಾತ್ರಕ್ಕೆ ಸೆಲ್ಯುಲೋಸ್ ಅಗ್ಗವಾಗುವುದಿಲ್ಲ. ಅಂಗಡಿಯ ಗ್ಲೂಕೋಸ್ ಪ್ರತಿ ಸಲವೂ ಒಂದೇ ಆಗಿರುತ್ತದೆ. ಮಾರುಕಟ್ಟೆಯಲ್ಲಿ ಉಳಿದ ಬಾಳೆಹಣ್ಣು ಇಂದಿನದು ನಾಳೆಗಿಲ್ಲ. ಆದ್ದರಿಂದ ಇಲ್ಲಿ ಗೆಲ್ಲುವವರು ಸಕ್ಕರೆ ಬಿಡಿಯಾಗಿಯೇ ಇರುವ ತ್ಯಾಜ್ಯವನ್ನು ಆರಿಸಿಕೊಂಡವರು, ಮತ್ತು ಪ್ರತಿ ಸರದಿಯಲ್ಲೂ ಹೆಪ್ಪು ಹಾಕುವ ಮೊದಲು ಸಕ್ಕರೆಯನ್ನೂ ಹುಳಿಯನ್ನೂ ಅಳೆದು ನೋಡಿದವರು. ಮುಂದಿನ ಎಲ್ಲ ಸೂಚನೆಗಳೂ ಈ ಎರಡು ಮಾತುಗಳ ವಿವರಣೆಯೇ.

ಯಾವ ತ್ಯಾಜ್ಯ ಬೇಕು, ಯಾವುದು ಬೇಡ

ಈ ಭಾಗದಲ್ಲಿ ಕೃಷಿ ತ್ಯಾಜ್ಯ ಎಂದೊಡನೆ ಮೊದಲು ಕಣ್ಣಿಗೆ ಬೀಳುವುದು ಹತ್ತಿ ಕಟ್ಟಿಗೆ ಮತ್ತು ಗೋವಿನಜೋಳದ ಬೆಂಡು. ಹಾವೇರಿ, ರಾಣೆಬೆನ್ನೂರು ಕಡೆ ಸುಗ್ಗಿಯ ನಂತರ ಬೆಂಡಿನ ರಾಶಿಗಳೇ ಬಿದ್ದಿರುತ್ತವೆ. ಹೊಸಬರು ಇವುಗಳಿಂದ ಆರಂಭಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇವುಗಳಲ್ಲಿ ಸಕ್ಕರೆ ಇದೆ, ಆದರೆ ಅದು ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್ ರೂಪದಲ್ಲಿ ಲಿಗ್ನಿನ್ನಿನ ಜೊತೆ ಬಿಗಿದುಕೊಂಡಿದೆ. ಅದನ್ನು ಬಿಡಿಸಲು ದುರ್ಬಲ ಗಂಧಕಾಮ್ಲದಲ್ಲಿ ಒತ್ತಡದ ಬಿಸಿಯಲ್ಲಿ ಬೇಯಿಸಬೇಕು. ಹಾಗೆ ಬೇಯಿಸಿದಾಗ ಮುಖ್ಯವಾಗಿ ಹೊರಬರುವುದು ಕ್ಸೈಲೋಸ್ ಎಂಬ ಸಕ್ಕರೆ. ಅದನ್ನು ಈ ಬ್ಯಾಕ್ಟೀರಿಯಾ ಅಷ್ಟಾಗಿ ಒಗ್ಗಿಸಿಕೊಳ್ಳುವುದಿಲ್ಲ. ಜೊತೆಗೆ ಫರ್ಫ್ಯುರಾಲ್, ಅಸಿಟಿಕ್ ಆಮ್ಲ, ಫೀನಾಲಿನ ಸಂಯುಕ್ತಗಳು ಹುಟ್ಟಿಕೊಂಡು ಅದರ ಬೆಳವಣಿಗೆಯನ್ನು ತಡೆಯುತ್ತವೆ. ಸುಣ್ಣ ಹಾಕಿ, ಇದ್ದಿಲಿನಲ್ಲಿ ಸೋಸಿ ಇವನ್ನು ತೆಗೆಯುವ ವಿಧಾನಗಳಿವೆ. ಒಳ್ಳೆಯ ಪ್ರಯೋಗಾಲಯ ಇದ್ದವರು ಅದನ್ನು ಕೈಗೆತ್ತಿಕೊಳ್ಳಲಿ. ಉಳಿದವರಿಗೆ ಅಲ್ಲಿ ಖರ್ಚೇ ಹೆಚ್ಚು.

ಬಟಾಟಿ ಮತ್ತು ಒಡೆದ ಗೋವಿನಜೋಳದಲ್ಲಿರುವುದು ಪಿಷ್ಟ. ಅದನ್ನು ಕಿಣ್ವದಿಂದ ಗ್ಲೂಕೋಸ್ ಮಾಡಿಕೊಳ್ಳದೆ ಈ ಬ್ಯಾಕ್ಟೀರಿಯಾ ಮುಟ್ಟುವುದಿಲ್ಲ. ಪನೀರು ಮಾಡಿ ಉಳಿದ ನೀರಿನಲ್ಲಿ ಲ್ಯಾಕ್ಟೋಸ್ ಇದೆ, ಅದೂ ನೇರವಾಗಿ ಉಪಯೋಗಕ್ಕೆ ಬಾರದು. ಉಳ್ಳಾಗಡ್ಡಿಯಲ್ಲಿ ಸಕ್ಕರೆಯ ಅಂಶ ಇದ್ದರೂ ಅದರ ಘಾಟಿಗೆ ಕಾರಣವಾದ ಗಂಧಕದ ಸಂಯುಕ್ತಗಳು ಸೂಕ್ಷ್ಮಾಣುಗಳ ಬೆಳವಣಿಗೆಗೆ ಅಡ್ಡಿ. ಬ್ಯಾಡಗಿಯಲ್ಲಿ ರಾಶಿ ಬೀಳುವ ಮೆಣಸಿನಕಾಯಿಯ ತೊಟ್ಟಿನಲ್ಲಿ ಉಪಯೋಗವಾಗುವಷ್ಟು ಸಕ್ಕರೆಯೇ ಇಲ್ಲ.

ಉಳಿದದ್ದು ಹಣ್ಣು ಮತ್ತು ಕಬ್ಬು, ಮತ್ತು ಅವು ನಮ್ಮಲ್ಲಿ ಬೇಕಾದಷ್ಟಿವೆ. ಬಾಳೆಹಣ್ಣು ವರ್ಷಪೂರ್ತಿ ಸಿಗುತ್ತದೆ. ಧಾರವಾಡದ ಸುತ್ತಲಿನ ಪೇರಲ, ಧಾರವಾಡ ಮತ್ತು ಹಾನಗಲ್ಲಿನ ಮಾವು, ಚಿಕ್ಕು ಆಯಾ ಹಂಗಾಮಿನಲ್ಲಿ ಬರುತ್ತವೆ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಾಗಲಿ ಊರಿನ ಸಂತೆಯಲ್ಲಾಗಲಿ ದಿನದ ಕೊನೆಗೆ ಮಾರಾಟವಾಗದೆ ಉಳಿಯುವ ಹಣ್ಣಿಗಾಗಿ ಒಬ್ಬಿಬ್ಬರು ವ್ಯಾಪಾರಿಗಳ ಜೊತೆ ಮುಂಚೆಯೇ ಮಾತಾಡಿಕೊಂಡಿರುವುದು ಒಳ್ಳೆಯದು. ತಿಪ್ಪೆಗೆ ಬಿದ್ದ ಮೇಲೆ ಎತ್ತಿ ತರುವುದಲ್ಲ, ಬುಟ್ಟಿಯಲ್ಲಿರುವಾಗಲೇ ಬೇರೆ ಮಾಡಿಸಿಕೊಳ್ಳಬೇಕು. ಸಿಪ್ಪೆ ಕಪ್ಪಾಗಿ ತಿರುಳು ಮೆತ್ತಗಾಗಿದ್ದರೆ ಚಿಂತೆಯಿಲ್ಲ, ಅಂಥದರಲ್ಲೇ ಪಿಷ್ಟವೆಲ್ಲ ಸಕ್ಕರೆಯಾಗಿರುತ್ತದೆ. ಬೂಷ್ಟು ಹಿಡಿದದ್ದನ್ನು ಮಾತ್ರ ಹಿಡಿದ ಭಾಗವನ್ನಷ್ಟೇ ಕತ್ತರಿಸಿ ಬಳಸದೆ ಇಡಿಯಾಗಿ ಬಿಡಬೇಕು, ಏಕೆಂದರೆ ಕೆಲವು ಬೂಷ್ಟುಗಳು ಬಿಡುವ ವಿಷ ಕುದಿಸಿದರೂ ನಾಶವಾಗುವುದಿಲ್ಲ. ತಂದ ದಿನವೇ ತಿರುಳು ತೆಗೆದು ಕುದಿಸಬೇಕು. ಬೇಸಿಗೆಯಲ್ಲಿ ಒಂದು ರಾತ್ರಿ ಬಿಟ್ಟರೂ ಯೀಸ್ಟುಗಳು ಸಕ್ಕರೆಯನ್ನು ತಿನ್ನತೊಡಗಿರುತ್ತವೆ.

ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯಲ್ಲಿ ತೂಕದ ಅರ್ಧದಷ್ಟು ಸಕ್ಕರೆ ಇರುತ್ತದೆ, ಕೆಡುವುದೂ ಇಲ್ಲ. ಆದರೆ ಅದರ ಖರೀದಿ ಮತ್ತು ಸಾಗಣೆ ಅಬಕಾರಿ ಇಲಾಖೆಯ ನಿಯಂತ್ರಣದಲ್ಲಿದೆ. ಅನುಮತಿಯ ವಿಷಯ ವಿಚಾರಿಸಿಕೊಂಡೇ ಮುಂದುವರಿಯಬೇಕು. ಅದರಲ್ಲಿರುವ ಬಣ್ಣ ಮತ್ತು ಲೋಹದ ಅಂಶಗಳನ್ನು ಕಡಿಮೆ ಮಾಡಲು ನೀರಿನಲ್ಲಿ ತೆಳುಮಾಡಿ, ಗಂಧಕಾಮ್ಲದಿಂದ ಪಿಎಚ್ (ಹುಳಿಯ ಅಳತೆ; ಹುಳಿ ಹೆಚ್ಚಿದಷ್ಟೂ ಇದು ಇಳಿಯುತ್ತದೆ) 3ಕ್ಕೆ ಇಳಿಸಿ, ಕುಕ್ಕರಿನಲ್ಲಿ ಬಿಸಿ ಮಾಡಿ, ರಾತ್ರಿಯಿಡೀ ತಳಗಟ್ಟಲು ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಸಿದುಕೊಳ್ಳಬೇಕು. ಈ ಆಮ್ಲದ ಬಿಸಿಯಿಂದ ಇನ್ನೊಂದು ಲಾಭವೂ ಇದೆ: ಕಬ್ಬಿನ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ, ಅವನ್ನು ಬ್ಯಾಕ್ಟೀರಿಯಾ ಬೇಗ ಸ್ವೀಕರಿಸುತ್ತದೆ. ಮಾರಾಟಕ್ಕೆ ಬಾರದ ಬೆಲ್ಲವನ್ನು ಬಳಸುವವರೂ ಇದೇ ಕ್ರಮ ಅನುಸರಿಸಬಹುದು. ಮೊದಲ ಪ್ರಯತ್ನಕ್ಕೆ ನಾನು ಸೂಚಿಸುವುದು ಬಾಳೆಹಣ್ಣನ್ನು, ಮುಂದಿನ ಲೆಕ್ಕವೂ ಅದರದ್ದೇ.

ಹೆಪ್ಪು

ಬ್ಯಾಕ್ಟೀರಿಯಾದ ಶುದ್ಧ ತಳಿಯನ್ನು ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಾಣು ಸಂಗ್ರಹದಿಂದ ಅಥವಾ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಎನ್‌ಸಿಐಎಂ ಸಂಗ್ರಹದಿಂದ ಶುಲ್ಕ ಕೊಟ್ಟು ತರಿಸಿಕೊಳ್ಳಬಹುದು. ಅದನ್ನು ಎಚ್ಚರಿಸಿ ಬೆಳೆಸಲು ಸೂಕ್ಷ್ಮಾಣುಜೀವಿ ಪ್ರಯೋಗಾಲಯ ಬೇಕು. ಸ್ವಂತದ್ದು ಇಲ್ಲದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅಥವಾ ಕರ್ನಾಟಕ ವಿಶ್ವವಿದ್ಯಾಲಯದ ಸೂಕ್ಷ್ಮಾಣುಜೀವಿ ಶಾಸ್ತ್ರ ವಿಭಾಗದವರನ್ನು ಕಂಡು ಮಾರ್ಗದರ್ಶನ ಕೇಳಿಕೊಳ್ಳುವುದು ಸೂಕ್ತ. ಕಲಿಕೆಯ ಹಂತದಲ್ಲಿ ಕೊಂಬುಚಾ ಎಂಬ ಹುಳಿಸಿದ ಚಹಾದ ಮೇಲೆ ಕಟ್ಟುವ ಪದರವನ್ನೇ ಹೆಪ್ಪಾಗಿ ಬಳಸಬಹುದು. ಅದರಲ್ಲಿ ಸೆಲ್ಯುಲೋಸ್ ಕಟ್ಟುವ ಬ್ಯಾಕ್ಟೀರಿಯಾದ ಜೊತೆ ಯೀಸ್ಟ್ ಕೂಡ ಇರುತ್ತದೆ. ಯೀಸ್ಟು ಕಬ್ಬಿನ ಸಕ್ಕರೆಯನ್ನು ಒಡೆದು ಕೊಡುವುದರಿಂದ ಬೆಲ್ಲದ ದ್ರಾವಣಕ್ಕೆ ಈ ಜೋಡಿ ಅನುಕೂಲಕರವೇ. ಆದರೆ ಸಿಗುವ ಹಾಳೆಯ ಗುಣ ಸರದಿಯಿಂದ ಸರದಿಗೆ ಬದಲಾಗುತ್ತದೆ. ಆಸ್ಪತ್ರೆಯ ಬಳಕೆಗೆಂದು ಯೋಚಿಸುವವರಿಗೆ ಶುದ್ಧ ತಳಿಯ ಹೊರತು ದಾರಿಯಿಲ್ಲ.

ಶುದ್ಧ ತಳಿಯಿಂದ ಹೆಪ್ಪು ಸಿದ್ಧಪಡಿಸಲು ಮೇಲೆ ಹೇಳಿದ 1954ರ ದ್ರಾವಣವನ್ನೇ ಅಗಲ ತಳದ ಶಂಕುಪಾತ್ರೆಯಲ್ಲಿ ಕ್ರಿಮಿರಹಿತಗೊಳಿಸಿ, ತಳಿಯನ್ನು ಹಾಕಿ, 28ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರರಿಂದ ಐದು ದಿನ ಅಲುಗಾಡಿಸದೆ ಇಡಬೇಕು. ಪದರ ಕಟ್ಟಿದ ಮೇಲೆ ಪಾತ್ರೆಯನ್ನು ಜೋರಾಗಿ ಕುಲುಕಿದರೆ ಪದರದಲ್ಲಿ ಸಿಕ್ಕಿಕೊಂಡ ಜೀವಕೋಶಗಳು ದ್ರವಕ್ಕೆ ಇಳಿಯುತ್ತವೆ. ಆ ದ್ರವವೇ ಹೆಪ್ಪು. ಇಲ್ಲಿ ಎರಡು ಎಚ್ಚರಿಕೆಗಳು ಬೇಕು. ತಳಿಯನ್ನು ಮತ್ತೆ ಮತ್ತೆ ಕುಲುಕು ಯಂತ್ರದಲ್ಲೇ ಬೆಳೆಸುತ್ತ ಹೋದರೆ ಸೆಲ್ಯುಲೋಸ್ ಕಟ್ಟದ ರೂಪಾಂತರಗಳು ಮೇಲುಗೈ ಪಡೆಯುತ್ತವೆ. ದ್ರಾವಣ ಮಂಜಾಗುತ್ತದೆ, ಪದರ ಮಾತ್ರ ಬರುವುದಿಲ್ಲ. ಇನ್ನೊಂದು, ಗ್ಲೂಕೋಸಿನಲ್ಲಿ ಬೆಳೆದ ತಳಿಯನ್ನು ಒಮ್ಮೆಲೇ ಹಣ್ಣಿನ ರಸಕ್ಕೆ ಹಾಕಿದರೆ ಅದು ಹೊಂದಿಕೊಳ್ಳಲು ದಿನಗಳನ್ನು ಕಳೆಯುತ್ತದೆ. ಅದಕ್ಕಾಗಿ ಕೊನೆಯ ಹೆಪ್ಪನ್ನು ಅರ್ಧ ಪ್ರಯೋಗಾಲಯದ ದ್ರಾವಣ, ಅರ್ಧ ಹಣ್ಣಿನ ದ್ರಾವಣ ಸೇರಿಸಿ ಬೆಳೆಸಿಕೊಳ್ಳುವುದು ಒಳ್ಳೆಯ ಪದ್ಧತಿ.

ದ್ರಾವಣ ಸಿದ್ಧಪಡಿಸುವುದು

ಸುಲಿದ ಬಾಳೆಹಣ್ಣಿನ ತಿರುಳನ್ನು ತೂಗಿ, ಅದರಷ್ಟೇ ತೂಕದ ನೀರಿನೊಂದಿಗೆ ರುಬ್ಬಿ, ಸ್ಟೀಲ್ ಪಾತ್ರೆಯಲ್ಲಿ ಹತ್ತು ಹದಿನೈದು ನಿಮಿಷ ಕುದಿಸಬೇಕು. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಈ ಕೆಲಸದ ಯಾವ ಹಂತದಲ್ಲೂ ಬಳಸಬಾರದು. ಕುದಿಸಿದ್ದನ್ನು ಬಟ್ಟೆಯಲ್ಲಿ ಸೋಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಗಸಿ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಅಲುಗದಂತೆ ಬಸಿದುಕೊಳ್ಳಬೇಕು. ಪೇರಲದಲ್ಲಿ ಪೆಕ್ಟಿನ್ ಹೆಚ್ಚಿರುವುದರಿಂದ ರಸ ಲೋಳೆಯಾಗಿ ಸೋಸಲು ಬಗ್ಗುವುದಿಲ್ಲ. ಪೆಕ್ಟಿನೇಸ್ ಕಿಣ್ವ ಹಾಕಿದರೆ ತಿಳಿಯಾಗುತ್ತದೆ. ತಿಳಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ: ರಸದಲ್ಲಿ ತೇಲುವ ನಾರಿನ ಚೂರುಗಳು ಬೆಳೆಯುವ ಹಾಳೆಯೊಳಗೆ ಹೆಣೆದುಕೊಂಡರೆ ಮುಂದೆ ಎಷ್ಟು ತೊಳೆದರೂ ಹೋಗುವುದಿಲ್ಲ.

ಈಗ ಅಳತೆ. ದ್ರಾಕ್ಷಿ ಬೆಳೆಗಾರರು ಬಳಸುವ ಕೈಯಲ್ಲಿ ಹಿಡಿಯುವ ಬ್ರಿಕ್ಸ್ ಮಾಪಕವೇ ಸಾಕು. ಒಂದು ಹನಿ ರಸವನ್ನು ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದರೆ ನೀಲಿ ಮತ್ತು ಬಿಳಿ ಕೂಡುವ ಗೆರೆ ಕರಗಿದ ಘನಪದಾರ್ಥದ ಪ್ರಮಾಣವನ್ನು ತೋರಿಸುತ್ತದೆ. ಅದರಲ್ಲಿ ಸಕ್ಕರೆಯಲ್ಲದೆ ಲವಣಗಳೂ ಸೇರಿರುತ್ತವೆ ಎಂಬುದನ್ನು ನೆನಪಿಡಬೇಕು. ಕರಾರುವಾಕ್ಕಾದ ಲೆಕ್ಕ ಬೇಕಾದವರು ಕಾಲೇಜಿನ ಪ್ರಯೋಗಾಲಯದಲ್ಲಿ ಡಿಎನ್‌ಎಸ್ ವಿಧಾನದಿಂದ ಸಕ್ಕರೆಯನ್ನೇ ಅಳೆಸಬೇಕು. ನಮಗೆ ಬೇಕಾದದ್ದು ಲೀಟರಿಗೆ 20ರಿಂದ 30 ಗ್ರಾಂ ಸಕ್ಕರೆ, ಅಂದರೆ ಹೆಚ್ಚುಕಡಿಮೆ 4 ಬ್ರಿಕ್ಸ್. ಸಕ್ಕರೆ ಜಾಸ್ತಿ ಇದ್ದರೆ ಹಾಳೆ ದಪ್ಪ ಬರುತ್ತದೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಹೆಚ್ಚುವರಿ ಗ್ಲೂಕೋಸನ್ನು ಬ್ಯಾಕ್ಟೀರಿಯಾ ಗ್ಲುಕೋನಿಕ್ ಆಮ್ಲವಾಗಿ ಪರಿವರ್ತಿಸಿ ದ್ರಾವಣವನ್ನು ಹುಳಿ ಮಾಡುತ್ತದೆ, ಆ ಹುಳಿಯಲ್ಲೇ ಅದರ ಕೆಲಸ ನಿಂತುಹೋಗುತ್ತದೆ.

ಸಕ್ಕರೆಯಷ್ಟೇ ಮುಖ್ಯವಾದದ್ದು ಸಾರಜನಕ, ಮತ್ತು ಹಣ್ಣಿನಲ್ಲಿ ಅದರ ಕೊರತೆ ಇರುತ್ತದೆ. ದುಬಾರಿ ಯೀಸ್ಟ್ ಸಾರದ ಬದಲು ಬೇಕರಿಯವರು ಬಳಸುವ ಒಣ ಯೀಸ್ಟಿನಿಂದ ಅದನ್ನು ನಾವೇ ಮಾಡಿಕೊಳ್ಳಬಹುದು. 30 ಗ್ರಾಂ ಒಣ ಯೀಸ್ಟನ್ನು 300 ಮಿಲಿಲೀಟರ್ ನೀರಿನಲ್ಲಿ ಕಲಸಿ, 50 ಡಿಗ್ರಿ ಬಿಸಿಯಲ್ಲಿ ಒಂದು ಹಗಲು ಒಂದು ರಾತ್ರಿ ಮುಚ್ಚಿಡಬೇಕು. ಆ ಬಿಸಿಯಲ್ಲಿ ಯೀಸ್ಟ್ ಸತ್ತು, ಅದರದೇ ಕಿಣ್ವಗಳು ಅದರ ಪ್ರೋಟೀನನ್ನು ಕರಗಿಸುತ್ತವೆ. ಬಳಿಕ ಹದಿನೈದು ನಿಮಿಷ ಕುದಿಸಿ, ತಣಿಸಿ, ಕುದಿಯುವಾಗ ಆವಿಯಾದಷ್ಟು ನೀರನ್ನು ಮತ್ತೆ ಕೂಡಿಸಿ, ತಳಗಟ್ಟಲು ಬಿಟ್ಟು ಮೇಲಿನ ಕಂದು ತಿಳಿಯನ್ನು ಬಸಿದುಕೊಂಡರೆ ಸಾರ ಸಿದ್ಧ. ಬಿಸಿಯನ್ನು ಅಂದಾಜಿನಲ್ಲಿ ಬಿಡದೆ ಉಷ್ಣಮಾಪಕ ಇಟ್ಟು ನೋಡುತ್ತಿರಬೇಕು: 60 ದಾಟಿದರೆ ಕಿಣ್ವಗಳೇ ಹಾಳಾಗುತ್ತವೆ, 40ಕ್ಕೆ ಇಳಿದರೆ ಬೇರೆ ಸೂಕ್ಷ್ಮಾಣುಗಳು ಸೇರಿಕೊಂಡು ನಾರುತ್ತದೆ. ಪಿಷ್ಟದ ಕಾರ್ಖಾನೆಗಳಲ್ಲಿ ಗೋವಿನಜೋಳ ನೆನೆಸಿ ತೆಗೆದ ಗಟ್ಟಿ ದ್ರವ ಸಿಗುವವರಿಗೆ ಅದು ಇನ್ನೂ ಉತ್ತಮ. ಗೊಬ್ಬರದ ಅಂಗಡಿಯ ಅಮೋನಿಯಂ ಸಲ್ಫೇಟ್ ಲೀಟರಿಗೆ 2–3 ಗ್ರಾಂ ಹಾಕಿದರೂ ಹಾಳೆ ಬರುತ್ತದೆ, ಆದರೆ ಅಂಥ ಹಾಳೆಯನ್ನು ತಿನ್ನುವ ಅಥವಾ ಚರ್ಮಕ್ಕೆ ಹಚ್ಚುವ ಉದ್ದೇಶಕ್ಕೆ ಬಳಸಕೂಡದು.

ಮೂರು ಲೀಟರ್ ದ್ರಾವಣದ ಲೆಕ್ಕ ಹೀಗಿರುತ್ತದೆ. ಬಸಿದ ರಸ 12 ಬ್ರಿಕ್ಸ್ ಇದ್ದರೆ ಅದರ 1 ಲೀಟರ್, ಯೀಸ್ಟಿನ ಸಾರ 300 ಮಿಲಿಲೀಟರ್, ನೀರು 1.4 ಲೀಟರ್, ಉಳಿದ 300 ಮಿಲಿಲೀಟರ್ ಜಾಗ ಹೆಪ್ಪಿಗೆ. ರಸ 9 ಬ್ರಿಕ್ಸ್ ಇದ್ದರೆ 1.33 ಲೀಟರ್ ರಸ ತೆಗೆದುಕೊಂಡು ನೀರನ್ನು ಅಷ್ಟು ತಗ್ಗಿಸಬೇಕು. ಇದಕ್ಕೆ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 8 ಗ್ರಾಂ, ಸಿಟ್ರಿಕ್ ಆಮ್ಲ ಮೂರೂವರೆ ಗ್ರಾಂ ಸೇರಿಸಿ, ಪಿಎಚ್ ಅನ್ನು 5ರ ಆಸುಪಾಸಿಗೆ ತರಬೇಕು. ಏರಿಸಲು ತೆಳು ಕಾಸ್ಟಿಕ್ ಸೋಡಾ, ಇಳಿಸಲು ವಿನೆಗರ್. ಶುದ್ಧ ತಳಿಯಿಂದ ಕೆಲಸ ಮಾಡುವ ಪ್ರಯೋಗಾಲಯದವರು ನೂರಕ್ಕೆ ಒಂದರಷ್ಟು ಈಥೈಲ್ ಆಲ್ಕೋಹಾಲನ್ನು ತಣಿದ ದ್ರಾವಣಕ್ಕೆ ಕೂಡಿಸಿದರೆ ಇಳುವರಿ ಹೆಚ್ಚುವುದುಂಟು.

ಹೆಪ್ಪನ್ನು ಬಿಟ್ಟು ಉಳಿದ 2.7 ಲೀಟರನ್ನು ಕುಕ್ಕರಿನಲ್ಲಿ ಪೂರ್ಣ ಒತ್ತಡ ಬಂದ ಮೇಲೆ ಇಪ್ಪತ್ತರಿಂದ ಮೂವತ್ತು ನಿಮಿಷ ಇಡಬೇಕು. ಪಾತ್ರೆಗಳನ್ನು ಅರ್ಧದಿಂದ ಮೂರನೇ ಎರಡರಷ್ಟು ಮಾತ್ರ ತುಂಬಿ, ಬಾಯಿಗೆ ಹತ್ತಿ ಮತ್ತು ಕಾಗದ ಕಟ್ಟಬೇಕು. ಒಲೆ ಆರಿಸಿದ ಮೇಲೆ ಒತ್ತಡ ತಾನಾಗಿಯೇ ಇಳಿಯುವವರೆಗೆ ಕಾಯದೆ ಸೀಟಿ ಎತ್ತಿದರೆ ದ್ರಾವಣ ಉಕ್ಕಿ ಹತ್ತಿ ನೆನೆಯುತ್ತದೆ, ಆ ನೆನೆದ ಹತ್ತಿಯ ಮೂಲಕ ಬೂಷ್ಟು ಒಳಗಿಳಿಯುತ್ತದೆ.

ತಟ್ಟೆ, ಗಾಳಿ, ಬಿಸಿ

ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕೇ ಬೇಕು, ಆದ್ದರಿಂದ ಅದು ದ್ರವ ಗಾಳಿಯನ್ನು ಮುಟ್ಟುವ ಮೇಲ್ಮೈಯಲ್ಲೇ ಹಾಳೆಯನ್ನು ಕಟ್ಟುತ್ತದೆ. ಇಳುವರಿಯನ್ನು ನಿರ್ಧರಿಸುವುದು ದ್ರಾವಣದ ಆಳವಲ್ಲ, ಅದರ ಹರವು. ಗಾಜಿನ, ಪಾಲಿಪ್ರೊಪಿಲೀನಿನ ಅಥವಾ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನ ಅಗಲ ತಟ್ಟೆಯಲ್ಲಿ ಒಂದೂವರೆ ಎರಡು ಸೆಂಟಿಮೀಟರ್ ಆಳ ಸಾಕು. 30 ಮತ್ತು 40 ಸೆಂಟಿಮೀಟರ್ ಅಳತೆಯ ತಟ್ಟೆಗೆ 2 ಲೀಟರ್ ಸುರಿದರೆ ಆಳ ಸರಿಯಾಗಿ ಅಷ್ಟಾಗುತ್ತದೆ. ಉಳಿದ 1 ಲೀಟರನ್ನು ಅದರ ಅರ್ಧ ಹರವಿನ ತಟ್ಟೆಗೆ ಹಾಕಬಹುದು. ತಟ್ಟೆಗಳನ್ನು ಕುದಿಯುವ ನೀರಿನಿಂದ ತೊಳೆದು, ದೀಪದ ಜ್ವಾಲೆಯ ಪಕ್ಕದಲ್ಲಿ ಗಾಳಿ ಬೀಸದ ಕೋಣೆಯಲ್ಲಿ ದ್ರಾವಣ ಸುರಿದು, ಮೈ ಬೆಚ್ಚಗಿನ ಬಿಸಿಗೆ ಇಳಿದ ಮೇಲೆ ಹೆಪ್ಪು ಹಾಕಿ ಒಮ್ಮೆ ಮಾತ್ರ ಕದಡಬೇಕು. ಮೇಲೆ ದಟ್ಟ ನೇಯ್ಗೆಯ ಬಟ್ಟೆ ಬಿಗಿದು ರಬ್ಬರ್ ಹಾಕಬೇಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸಿಗುವ ಖಾದಿಯನ್ನು ಎರಡು ಪದರ ಮಾಡಿದರೆ ಗಾಳಿ ಆಡುತ್ತದೆ, ಹುಳಿ ವಾಸನೆಗೆ ಬರುವ ಸಣ್ಣ ನೊಣಗಳು ಒಳಗೆ ಹೋಗುವುದಿಲ್ಲ. ತೆಳು ಜಾಲರಿ ಬಟ್ಟೆಯ ಕಿಂಡಿಗಳಲ್ಲಿ ಅವು ನುಸುಳಿ ಮೊಟ್ಟೆಯಿಡುತ್ತವೆ.

ಒಮ್ಮೆ ಇಟ್ಟ ತಟ್ಟೆಯನ್ನು ಅಲುಗಿಸಬಾರದು, ಎತ್ತಿ ನೋಡಬಾರದು. ಎರಡು ಮೂರನೆಯ ದಿನ ಪಕ್ಕದಿಂದ ಬೆಳಕು ಬಿಟ್ಟು ನೋಡಿದರೆ ಮೇಲ್ಮೈಯ ಹೊಳಪು ಮಾಸಿರುವುದು ಕಾಣುತ್ತದೆ. ಅದೇ ಮೊದಲ ಪೊರೆ, ಕಾದಾರಿದ ಹಾಲಿನ ಕೆನೆಯಷ್ಟು ತೆಳು. ಐದನೆಯ ದಿನಕ್ಕೆ ಅದು ಅರೆಪಾರದರ್ಶಕ ಲೋಳೆಯಾಗಿ ತಟ್ಟೆಯ ಅಂಚಿನಿಂದ ಅಂಚಿಗೆ ಹರಡಿ, ಬಟ್ಟೆ ಸರಿಸಿದರೆ ವಿನೆಗರಿನ ಘಾಟು ಮೂಗಿಗೆ ತಾಗುತ್ತದೆ. ಹೊಸ ಪದರ ಯಾವಾಗಲೂ ಮೇಲ್ಗಡೆಯೇ ಸೇರುತ್ತದೆ, ಹಳೆಯದು ಕೆಳಗೆ ಸರಿಯುತ್ತದೆ. ಆದ್ದರಿಂದಲೇ ಮಧ್ಯದಲ್ಲಿ ತಟ್ಟೆ ಅಲುಗಿ ಪದರ ಮುಳುಗಿದರೆ ಅದರ ಮೇಲೆ ಬೇರೆಯೇ ಹಾಳೆ ಆರಂಭವಾಗಿ ಎರಡೂ ಅಂಟಿಕೊಳ್ಳದೆ ಉಳಿಯುತ್ತವೆ. ಕೊಂಬುಚಾ ಹೆಪ್ಪಿನಲ್ಲಿ ಯೀಸ್ಟು ಬಿಡುವ ಅನಿಲ ಪದರದ ಕೆಳಗೆ ಗುಳ್ಳೆಯಾಗಿ ಅದನ್ನು ಎತ್ತುವುದುಂಟು. ಸಣ್ಣ ಗುಳ್ಳೆಗಳನ್ನು ಹಾಗೆಯೇ ಬಿಡಬೇಕು.

ಧಾರವಾಡದ ಚಳಿಗಾಲದ ರಾತ್ರಿಗಳಲ್ಲಿ ತಾಪಮಾನ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಆಗ ಹಾಳೆ ಬೆಳೆಯಲು ಎರಡು ಪಟ್ಟು ದಿನ ಬೇಕಾಗುತ್ತದೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಸಣ್ಣ ಬಲ್ಬು ಮತ್ತು ಉಷ್ಣ ನಿಯಂತ್ರಕ ಇಟ್ಟರೆ 28–30 ಡಿಗ್ರಿಯನ್ನು ಕಾಯ್ದುಕೊಳ್ಳಬಹುದು. ಗದಗಿನ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳು ಇದಕ್ಕಿಂತ ಅಪಾಯಕರ, ಏಕೆಂದರೆ 35 ದಾಟಿದ ಬಿಸಿಯಲ್ಲಿ ಬ್ಯಾಕ್ಟೀರಿಯಾ ಸೊರಗುತ್ತದೆ. ಮಣ್ಣಿನ ಮಾಳಿಗೆಯ ಮನೆಯ ಒಳಕೋಣೆ ಇದ್ದವರಿಗೆ ಅದೇ ಪ್ರಶಸ್ತ. ಇಲ್ಲದವರು ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಬಹುದು, ಆದರೆ ತಟ್ಟೆಯ ಹತ್ತಿರ ತೇವದ ಗೋಣಿ ಇದ್ದರೆ ಬೂಷ್ಟಿನ ಬೀಜಕಗಳಿಗೆ ಆಹ್ವಾನ ಕೊಟ್ಟಂತೆ. ಹಸಿರು, ಕಪ್ಪು ಅಥವಾ ಬಿಳಿ ನೂಲಿನಂಥ ಬೂಷ್ಟು ಪದರದ ಮೇಲೆ ಎಲ್ಲಿ ಕಂಡರೂ ಆ ತಟ್ಟೆಯನ್ನು ಪೂರ್ತಿ ಕುದಿಸಿ ಚೆಲ್ಲಬೇಕು. ಮೇಲೆ ಕಾಣುವುದನ್ನು ಕೆರೆದು ಉಳಿದದ್ದನ್ನು ಬಳಸುವ ಆಸೆಗೆ ಎಡೆ ಕೊಡಬಾರದು.

ಏಳರಿಂದ ಹತ್ತು ದಿನಗಳಲ್ಲಿ, ತಂಪಿನಲ್ಲಿ ಹದಿನಾಲ್ಕು ದಿನಗಳ ಹೊತ್ತಿಗೆ, ಹಾಳೆ ಕೊಯ್ಲಿಗೆ ಬರುತ್ತದೆ. ದ್ರಾವಣದ ಪಿಎಚ್ 3ರಿಂದ 3.5ಕ್ಕೆ ಇಳಿದಿದ್ದರೆ ಇನ್ನು ಕಾಯುವುದರಿಂದ ಲಾಭವಿಲ್ಲ.

ತೊಳೆದು ಬಿಳಿ ಮಾಡುವುದು

ಕೈಗವಸು ಹಾಕಿ ಎತ್ತಿದ ಹಾಳೆಯನ್ನು ಮೊದಲು ನಲ್ಲಿ ನೀರಿನಲ್ಲಿ, ಆಮೇಲೆ ಒಂದು ರಾತ್ರಿ ಶುದ್ಧ ನೀರಿನಲ್ಲಿ ನೆನೆಯಿಡಬೇಕು. ಈ ಹಂತದಲ್ಲಿ ಬಾಳೆಯ ಹಾಳೆ ತಿಳಿ ಕಂದು, ಕಾಕಂಬಿಯದು ಚಹಾದ ಬಣ್ಣ. ಆ ಬಣ್ಣ ಮತ್ತು ಒಳಗೆ ಸಿಕ್ಕಿಕೊಂಡ ಜೀವಕೋಶಗಳು ಹೋಗಬೇಕಾದರೆ ಕಾಸ್ಟಿಕ್ ಸೋಡಾದ ದ್ರಾವಣದಲ್ಲಿ ಬಿಸಿ ಮಾಡಬೇಕು: ಲೀಟರ್ ನೀರಿಗೆ 4 ಗ್ರಾಂನಿಂದ ಆರಂಭಿಸಿ, ಬಣ್ಣ ಗಾಢವಾಗಿದ್ದರೆ 20 ಗ್ರಾಂವರೆಗೆ, 80 ಡಿಗ್ರಿಯಲ್ಲಿ ಅರ್ಧದಿಂದ ಒಂದು ಗಂಟೆ. ಕಾಸ್ಟಿಕ್ ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಅದರ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ರಬ್ಬರ್ ಕೈಗವಸು, ತೆರೆದ ಕಿಟಕಿ ಇವು ಕಡ್ಡಾಯ, ಮಕ್ಕಳು ಸುಳಿಯಕೂಡದು. ಅಲ್ಯೂಮಿನಿಯಂ ಪಾತ್ರೆ ಇಲ್ಲಿ ಅತ್ಯಂತ ಅಪಾಯಕರ: ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲವನ್ನು ಬಿಡುತ್ತದೆ.

ಬಿಸಿ ಏರುತ್ತಿದ್ದಂತೆ ಹಾಳೆಯಿಂದ ಕಂದು ಬಣ್ಣ ಎಳೆ ಎಳೆಯಾಗಿ ನೀರಿಗೆ ಇಳಿಯುವುದು ಕಾಣುತ್ತದೆ, ಮೊದಲು ಅಂಚುಗಳು, ಕೊನೆಗೆ ನಡುಭಾಗ ತಿಳಿಯಾಗುತ್ತದೆ. ನಡುವೆ ಇನ್ನೂ ಹಳದಿ ಛಾಯೆ ಇದ್ದರೆ ಹೊಸ ದ್ರಾವಣದಲ್ಲಿ ಇನ್ನೊಂದು ಸಲ ಬಿಸಿ ಮಾಡಬೇಕು. ಬಳಿಕ ನೀರನ್ನು ಬದಲಿಸುತ್ತ, ನಡುವೆ ಒಮ್ಮೆ ತೆಳು ವಿನೆಗರಿನಲ್ಲಿ ಅದ್ದಿ, ನೆನೆಸಿದ ನೀರಿನ ಪಿಎಚ್ 7ಕ್ಕೆ ಬರುವವರೆಗೆ ತೊಳೆಯಬೇಕು. ಇದಕ್ಕೆ ಒಂದೆರಡು ದಿನ ಹಿಡಿಯುತ್ತದೆ, ಅವಸರ ಮಾಡಿದರೆ ಒಣಗಿದ ಮೇಲೆ ಹಾಳೆಯಲ್ಲಿ ಉಳಿದ ಕ್ಷಾರ ಚರ್ಮವನ್ನು ಸುಡುತ್ತದೆ.

ಬಳಸಿದ ಕಾಸ್ಟಿಕ್ ನೀರನ್ನು ಹೊಲಕ್ಕೆ ಬಿಡಬೇಡಿರಿ. ಹಾಳೆ ತೆಗೆದ ಮೇಲೆ ಉಳಿದ ಹುಳಿ ದ್ರಾವಣವನ್ನೇ ಅದಕ್ಕೆ ಸೇರಿಸಿ ಕ್ಷಾರವನ್ನು ಮುರಿಯಬಹುದು, ಆದರೆ ಅದರಲ್ಲಿನ ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ. ಎರೆ ಮಣ್ಣಿಗೆ ಸೋಡಿಯಂ ಸೇರಿದರೆ ಅದರ ಜೇಡಿ ಕಣಗಳು ಚದುರಿ, ನೀರು ಇಂಗದ, ಒಣಗಿದರೆ ಕಲ್ಲಿನಂತಾಗುವ ಸವಳು ಭೂಮಿಯಾಗುತ್ತದೆ. ಮಲಪ್ರಭಾ ಅಚ್ಚುಕಟ್ಟಿನ ರೈತರಿಗೆ ಸವಳಿನ ಕಷ್ಟವನ್ನು ವಿವರಿಸಬೇಕಾಗಿಲ್ಲ. ಸ್ವಲ್ಪ ಹೆಚ್ಚು ಹಣ ಕೊಟ್ಟು ಕಾಸ್ಟಿಕ್ ಸೋಡಾದ ಬದಲು ಕಾಸ್ಟಿಕ್ ಪೊಟ್ಯಾಷ್ ಬಳಸುವುದೇ ಮೇಲು ಎಂಬುದು ನನ್ನ ನಿಲುವು. ಅದೂ ಅಷ್ಟೇ ಚೆನ್ನಾಗಿ ತೊಳೆಯುತ್ತದೆ, ಹುಳಿ ದ್ರಾವಣದಿಂದ ಪಿಎಚ್ 7ಕ್ಕೆ ತಂದು ತೆಳುಮಾಡಿದರೆ ಗಿಡಗಳಿಗೆ ಪೊಟ್ಯಾಷಿಯಂ ಒದಗಿಸುವ ನೀರಾಗುತ್ತದೆ. ರುಬ್ಬಿ ಸೋಸಿ ಉಳಿದ ಗಸಿ, ಸಿಪ್ಪೆಗಳು ನೇರವಾಗಿ ಎರೆಹುಳು ಗುಂಡಿಗೆ ಹೋಗಬಹುದು.

ಒಣಗಿಸುವುದು, ತೂಗುವುದು, ಇಡುವುದು

ಹೇಗೆ ಒಣಗಿಸಬೇಕೆಂಬುದು ಬಳಕೆಯನ್ನು ಅವಲಂಬಿಸಿದೆ. ಕಾಗದದಂಥ ತೆಳು ಹಾಳೆ ಬೇಕಾದರೆ ನುಣುಪಾದ ಅಂಟದ ತಟ್ಟೆಯ ಮೇಲೆ ಹರಡಿ 50–60 ಡಿಗ್ರಿಯಲ್ಲಿ ಒಣಗಿಸಿದರೆ ನಾಲ್ಕು ಮಿಲಿಮೀಟರ್ ದಪ್ಪದ ಲೋಳೆ ಕುಗ್ಗಿ, ಬೆಳಕು ಹಾಯುವ, ಬೆರಳಿಂದ ಹರಿಯಲು ಕಷ್ಟವಾಗುವ ಪೊರೆಯಾಗುತ್ತದೆ. ಗದಗಿನ ಒಣಗಾಳಿಯಲ್ಲಿ ನೆರಳಿನಲ್ಲೇ ಒಣಗುತ್ತದೆ, ಆದರೆ ಅಂಚುಗಳು ಮುದುಡದಂತೆ ಚೌಕಟ್ಟು ಹೇರಬೇಕು. ಹೀಗೆ ಒಣಗಿದ ಹಾಳೆ ಮತ್ತೆ ಮೊದಲಿನಷ್ಟು ನೀರನ್ನು ಹೀರುವುದಿಲ್ಲ, ಎಳೆಗಳು ಒಂದಕ್ಕೊಂದು ಬೆಸೆದಿರುತ್ತವೆ. ನೀರು ಹೀರುವ ಗುಣ ಬೇಕಾದವರು ಹಸಿಯಾಗಿಯೇ ಇಡಬೇಕು ಅಥವಾ ಶೈತ್ಯ ಒಣಗಿಸುವ ಯಂತ್ರವಿರುವ ಪ್ರಯೋಗಾಲಯದ ನೆರವು ಪಡೆಯಬೇಕು. ಚರ್ಮದಂತೆ ಬಗ್ಗುವ ಹಾಳೆಗೆ ಒಣಗಿಸುವ ಮೊದಲು ನೂರಕ್ಕೆ 5ರಿಂದ 10ರಷ್ಟು ಗ್ಲಿಸರಿನ್ ಇರುವ ನೀರಿನಲ್ಲಿ ಒಂದು ದಿನ ನೆನೆಸಬೇಕು.

ಇಳುವರಿಯನ್ನು ಹೇಳುವಾಗ ಒಣ ತೂಕವನ್ನೇ ಹೇಳಬೇಕು. ಮೇಲಿನ 2 ಲೀಟರ್ ತಟ್ಟೆಯಿಂದ ಅರ್ಧ ಕಿಲೋ ಹಾಳೆ ಬಂತೆಂದು ಸಂಭ್ರಮಪಟ್ಟರೆ, ಅದರಲ್ಲಿ ನೂರಕ್ಕೆ 99 ಭಾಗ ನೀರು. ತೂಕ ಬದಲಾಗದವರೆಗೆ ಒಣಗಿಸಿದಾಗ ಉಳಿಯುವುದು 5 ಗ್ರಾಂ, ಅಂದರೆ ಲೀಟರಿಗೆ ಎರಡೂವರೆ ಗ್ರಾಂ. ಲೀಟರಿಗೆ 25 ಗ್ರಾಂ ಸಕ್ಕರೆ ಇದ್ದಿದ್ದರೆ ಅದರ ಹತ್ತನೇ ಒಂದು ಭಾಗ ಮಾತ್ರ ಹಾಳೆಯಾಗಿದೆ. ಇದು ಕೆಟ್ಟ ಫಲಿತಾಂಶವಲ್ಲ. ಇದಕ್ಕಿಂತ ತೀರ ಕಡಿಮೆ ಬಂದರೆ ಉಳಿದ ದ್ರಾವಣದ ಬ್ರಿಕ್ಸ್ ನೋಡಬೇಕು: ಅದು ಇಳಿಯದೇ ಇದ್ದರೆ ತೊಂದರೆ ಹೆಪ್ಪಿನಲ್ಲಿ ಅಥವಾ ಸಾರಜನಕದಲ್ಲಿ, ಇಳಿದಿದ್ದು ಪಿಎಚ್ ಕೂಡ ಬೇಗ ಕುಸಿದಿದ್ದರೆ ಸಕ್ಕರೆ ಆಮ್ಲಕ್ಕೆ ಹೋಗಿದೆ, ಮುಂದಿನ ಸಲ ರಸವನ್ನು ಇನ್ನಷ್ಟು ತೆಳುಮಾಡಬೇಕು. ಪ್ರತಿ ಸರದಿಯ ಜೊತೆ ಪುಟ್ಟ ಜಾಡಿಯಲ್ಲಿ 1954ರ ದ್ರಾವಣವನ್ನೂ ಅದೇ ಹೆಪ್ಪು ಹಾಕಿ ಇಟ್ಟರೆ ದೋಷ ತಳಿಯದೋ ಹಣ್ಣಿನದೋ ಎಂಬುದು ಸಂಶಯವಿಲ್ಲದೆ ತಿಳಿಯುತ್ತದೆ.

ತೊಳೆದ ಹಸಿ ಹಾಳೆಯನ್ನು ಶುದ್ಧ ನೀರಿನಲ್ಲಿ ಮುಳುಗಿಸಿ, ಮುಚ್ಚಿದ ಗಾಜಿನ ಜಾಡಿಯಲ್ಲಿ ಕುಕ್ಕರಿನ ಒತ್ತಡದಲ್ಲಿ ಬಿಸಿ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬಹುಕಾಲ ಉಳಿಯುತ್ತದೆ. ಮಾರುವ ಯೋಚನೆ ಇದ್ದರೆ ತಿನಿಸಿಗೆ ಎಫ್‌ಎಸ್‌ಎಸ್‌ಎಐ ಪರವಾನಗಿ ಬೇಕು. ಗಾಯದ ಪಟ್ಟಿ 2017ರ ವೈದ್ಯಕೀಯ ಸಾಧನಗಳ ನಿಯಮಗಳಿಗೆ ಒಳಪಡುತ್ತದೆ, ಅನುಮತಿಯಿಲ್ಲದೆ ಯಾರ ಗಾಯದ ಮೇಲೂ ಇದನ್ನು ಇಡಬಾರದು. ಮುಂದಿನ ಸರದಿಗೆ ತಳಿಯನ್ನು ಉಳಿಸಿಕೊಳ್ಳಲು ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿ ಕೊಳವೆಯಲ್ಲಿ ಓರೆಯಾಗಿ ಹೆಪ್ಪುಗಟ್ಟಿಸಿದ ಅಗರ್ (ಕಡಲಪಾಚಿಯಿಂದ ತೆಗೆದ ಅಂಟು) ಮೇಲೆ ಬೆಳೆಸಿ ಫ್ರಿಜ್ಜಿನಲ್ಲಿಡಬೇಕು, ಕಾರ್ಬೊನೇಟು ತಳಿ ತಾನೇ ಬಿಡುವ ಆಮ್ಲವನ್ನು ಮುರಿಯುತ್ತದೆ. ಕೊಂಬುಚಾ ಹೆಪ್ಪಿನವರು ಹಾಳೆಯ ಒಂದು ತುಂಡನ್ನು ತೊಳೆಯುವ ಮೊದಲೇ ಅದರದೇ ಹುಳಿ ದ್ರಾವಣದಲ್ಲಿ ಮುಳುಗಿಸಿ, ಬಟ್ಟೆ ಕಟ್ಟಿ ತೆಗೆದಿಟ್ಟುಕೊಳ್ಳಬೇಕು.